ಸಂಜ್ಞೆ ಭಾಷೆಯ ಇಂಟರ್‌ಪ್ರಿಟರ್ ಆಗಬೇಕೇ? ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಇಷ್ಟು ನೋಡಿಕೊಳ್ಳಿ

ನನ್ನ ಮೊದಲ ಸರ್ಟಿಫಿಕೇಟು ನೋಡಲು ಬಹಳ ಚೆನ್ನಾಗಿತ್ತು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಕೆಳಗೆ ಎರಡು ಸಹಿ. ಮೂರು ತಿಂಗಳ ಕ್ಲಾಸು, ವಾರಕ್ಕೆರಡು ದಿನ. ಅದನ್ನು ಫೈಲಿಗೆ ಹಾಕಿಕೊಂಡು ಒಂದು ದಿನ ಕೋರ್ಟಿಗೆ ಹೋದೆ. ಸಾಕ್ಷಿ ಹೇಳಬೇಕಾದವಳು ಒಬ್ಬ ಕಿವುಡ ಹುಡುಗಿ. ಅವಳ ಸನ್ನೆಯನ್ನು ಕನ್ನಡಕ್ಕೆ ತರುವವರು ಯಾರೂ ಸಿಗದೆ ಪರಿಚಯದ ವಕೀಲರು ನನ್ನನ್ನು ಕರೆಸಿದ್ದರು. ಕೇಸು ಏನೆಂದು ಹೇಳುವ ಹಾಗಿಲ್ಲ, ಗುಟ್ಟು ಕಾಯುವುದು ಈ ವೃತ್ತಿಯ ಮೊದಲ ನಿಯಮ. ಎದುರು ಪಕ್ಷದ ವಕೀಲರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: "ಮೇಡಂ, ನಿಮ್ಮ ಆರ್‌ಸಿಐ ನಂಬರ್ ಎಷ್ಟು?"

ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ಹೆಸರು ದಾಖಲಾದವರಿಗೆ ಸಿಗುವ ಆ ನಂಬರ್ ನನ್ನ ಹತ್ತಿರ ಇರಲಿಲ್ಲ. ಹಾಗೊಂದು ನಂಬರ್ ಇರುತ್ತದೆ ಎಂದು ಆ ಕ್ಲಾಸಿನಲ್ಲಿ ಯಾರೂ ಹೇಳಿರಲೂ ಇಲ್ಲ. ಆದರೆ ಈಗಲೂ ನೆನೆದರೆ ಮುಖ ಬಿಸಿಯಾಗುವುದು ಅದಕ್ಕಲ್ಲ. ಒಳಗೆ ಹೋಗುವ ಮುಂಚೆ ಕಾರಿಡಾರಿನಲ್ಲಿ ಆ ಹುಡುಗಿ ಎರಡು ನಿಮಿಷ ನನ್ನೊಂದಿಗೆ ಮಾತಾಡಿದ್ದಳು. ನನಗೆ ಅರ್ಥವಾದದ್ದು ಕಾಲು ಭಾಗ. ನಾನು ಮಾಡಿದ ಸನ್ನೆ ಅವಳಿಗೆ ತಿಳಿಯುತ್ತಿತ್ತು, ಅವಳ ಕೈ ಓದಲು ನನಗೆ ಬರುತ್ತಿರಲಿಲ್ಲ. ಮೂರು ತಿಂಗಳು ಪಾಠ ಹೇಳಿದವರು ಕಿವಿ ಕೇಳುವವರು, ಜೊತೆಗೆ ಕಲಿತವರೂ ಕಿವಿ ಕೇಳುವವರು. ಕಿವುಡರ ಕೈಯನ್ನು ನಾನು ಕಣ್ಣಿಟ್ಟು ನೋಡಿದ್ದು ಆ ಕಾರಿಡಾರಿನಲ್ಲೇ ಮೊದಲು.

ಆಮೇಲೆ ಎರಡು ವರ್ಷದ ಡಿಪ್ಲೊಮಾ ಮಾಡಿದೆ. ಈಗ ಪಿಯುಸಿ ಮುಗಿಸಿದ ಮಕ್ಕಳು, ಅವರ ಅಪ್ಪ ಅಮ್ಮ, ಕೆಲವೊಮ್ಮೆ ಕೆಲಸ ಬಿಟ್ಟು ಇತ್ತ ಬರಬೇಕೆನ್ನುವ ಐಟಿಯವರು ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು "ಯಾವ ಕಾಲೇಜು ಒಳ್ಳೇದು?" ಎಂದು. ಕಾಗದ ಎಲ್ಲಿಯದು, ಪಾಠ ಹೇಳುವ ಕೈ ಯಾರದು: ನಾನು ಈ ಎರಡನ್ನು ಮೊದಲು ನೋಡಿ ಎನ್ನುತ್ತೇನೆ. ಉಳಿದದ್ದನ್ನೆಲ್ಲ ಇವುಗಳ ನಂತರ ಯೋಚಿಸಬಹುದು.

ಹೆಜ್ಜೆ 1: ಇದೇ ಕೆಲಸ ಬೇಕೇ, ಗಟ್ಟಿ ಮಾಡಿಕೊಳ್ಳಿ

ಕಿವುಡರ ಜೊತೆ ಕೆಲಸ ಎಂದ ಕೂಡಲೇ ಜನ ನಾಲ್ಕು ಬೇರೆ ಬೇರೆ ವೃತ್ತಿಗಳನ್ನು ಒಂದೇ ಗಂಟು ಕಟ್ಟುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ, ನಮ್ಮವರ ಬಾಯಲ್ಲಿ ಆಯಿಷ್, ದೇಶದಲ್ಲೇ ದೊಡ್ಡ ಹೆಸರು. ಅಲ್ಲಿನ ಪ್ರಸಿದ್ಧ ಬಿಎಎಸ್‌ಎಲ್‌ಪಿ ಪದವಿ ಓದಿದರೆ ಆಡಿಯಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಆಗುತ್ತೀರಿ. ಕಿವಿ ಪರೀಕ್ಷೆ, ಹಿಯರಿಂಗ್ ಏಡ್, ಮಾತಿನ ತರಬೇತಿ ಅವರ ಕೆಲಸ. ಅದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಸ್ಪೆಷಲ್ ಡಿ.ಎಡ್., ಬಿ.ಎಡ್. ಮಾಡಿದವರು ಕಿವುಡ ಮಕ್ಕಳ ಶಾಲೆಯ ಶಿಕ್ಷಕರಾಗುತ್ತಾರೆ. ಸಂಜ್ಞೆ ಭಾಷೆಯನ್ನು ಕಲಿಸುವ ಶಿಕ್ಷಕರು ಮತ್ತೊಂದು ಬಗೆ. ನಾಲ್ಕನೆಯವರೇ ಇಂಟರ್‌ಪ್ರಿಟರು, ಎರಡು ಭಾಷೆಗಳ ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸುವವರು. ಇಂಟರ್‌ಪ್ರಿಟರ್ ಪಾಠ ಮಾಡುವುದಿಲ್ಲ, ಸಲಹೆ ಕೊಡುವುದಿಲ್ಲ, ಕಿವುಡರ ಪರವಾಗಿ ಜಗಳಕ್ಕೂ ನಿಲ್ಲುವುದಿಲ್ಲ. "ಸೇವೆ ಮಾಡಬೇಕು ಅಂತ ಆಸೆ ಮೇಡಂ" ಎನ್ನುವವರಿಗೆ ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಇದು ಭಾಷೆಯ ಕೆಲಸ. ಭಾಷೆಯ ಹುಚ್ಚಿಲ್ಲದೆ ಬರೀ ಕರುಣೆ ಇಟ್ಟುಕೊಂಡು ಬಂದವರು ಒಂದು ವರ್ಷದೊಳಗೆ ಬೇಸತ್ತು ಹೋಗಿದ್ದನ್ನು ಕಂಡಿದ್ದೇನೆ.

ಅರ್ಜಿ ಹಾಕುವ ಮುಂಚೆ ಮೂರು ತಿಂಗಳು ಮನೆಯಲ್ಲೇ ಕಲಿತು ನೋಡಿ. ದೆಹಲಿಯ ಭಾರತೀಯ ಸಂಜ್ಞೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟು ವಿಡಿಯೋಗಳಾಗಿ ಸಿಗುತ್ತದೆ, ಕಾಸು ಕೊಡಬೇಕಿಲ್ಲ. 2018ರಲ್ಲಿ 3,000 ಪದಗಳಿಂದ ಶುರುವಾದದ್ದು 2021ರ ಮೂರನೇ ಆವೃತ್ತಿಯ ಹೊತ್ತಿಗೆ 10,000 ಪದಗಳಿಗೆ ಬಂತು. ಬೆರಳಕ್ಷರದಿಂದ ಶುರು ಮಾಡಿ. ನಮ್ಮಲ್ಲಿ ಎರಡೂ ಕೈ ಬಳಸುವ ಇಂಗ್ಲಿಷ್ ಅಕ್ಷರಮಾಲೆಯೇ ಹೆಚ್ಚು ರೂಢಿ. ಬಲಗೈ ತೋರುಬೆರಳಿನಿಂದ ಎಡಗೈಯ ಹೆಬ್ಬೆರಳ ತುದಿ ಮುಟ್ಟಿದರೆ ಎ, ತೋರುಬೆರಳು ಇ, ನಡುಬೆರಳು ಐ, ಉಂಗುರಬೆರಳು ಓ, ಕಿರುಬೆರಳು ಯು. ಐದು ಸ್ವರಕ್ಕೆ ಐದು ಬೆರಳು. ನಿಮ್ಮ ಹೆಸರು, ಊರ ಹೆಸರು ಬೆರಳಿನಲ್ಲಿ ಬರೆದು ಅಭ್ಯಾಸ ಮಾಡಿ. ಆಮೇಲೆ ನಿಮ್ಮೂರಿನ ಕಿವುಡರ ಸಂಘ ಎಲ್ಲಿ ಸೇರುತ್ತದೆ ಎಂದು ವಿಚಾರಿಸಿಕೊಂಡು ಹೋಗಿ. ಜಿಲ್ಲಾ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಒಂದಾದರೂ ಇರುತ್ತದೆ. ಭಾನುವಾರ ಪಾರ್ಕಿನಲ್ಲೋ, ಯಾರದೋ ಶೆಡ್ಡಿನಲ್ಲೋ ಸೇರುತ್ತಾರೆ. ಮೊದಲ ದಿನ ನಿಮಗೆ ಏನೂ ಅರ್ಥವಾಗುವುದಿಲ್ಲ. ಎರಡನೇ ಭಾನುವಾರವೂ ಹೋಗಬೇಕೆನಿಸಿದರೆ ಮುಂದೆ ಓದಿ.

ಪದದ ಬಗ್ಗೆ ಒಂದು ಮಾತು. "ಕಿವುಡ" ಎನ್ನಲು ನಮ್ಮವರು ಹಿಂಜರಿದು "ಶ್ರವಣದೋಷವುಳ್ಳವರು" ಎನ್ನುತ್ತಾರೆ. ಸಂಜ್ಞೆ ಭಾಷೆಯಲ್ಲಿ ಬದುಕುವ ನನ್ನ ಗೆಳೆಯರಲ್ಲಿ ಹೆಚ್ಚಿನವರಿಗೆ "ದೋಷ" ಎಂಬ ಪದವೇ ಇಷ್ಟವಿಲ್ಲ. "ನಾನು ಕಿವುಡ" ಎಂದು ಎದೆಯೆತ್ತಿ ಸನ್ನೆ ಮಾಡುತ್ತಾರೆ. ಅವರಿಗೆ ನೋವಾಗುವುದು "ಮೂಗ" ಎಂದಾಗ. ಕಾಲೇಜಿನ ಬ್ರೋಷರಿನಲ್ಲಿ ಆ ಪದ ಕಂಡರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಜ್ಜೆ 2: ಕೋರ್ಸಿನ ಹೆಸರನ್ನು ಅಕ್ಷರ ಅಕ್ಷರ ಓದಿ

ಭಾರತದಲ್ಲಿ ಈ ವೃತ್ತಿಗೆ ಬಾಗಿಲು ತೆರೆಯುವ ಕೋರ್ಸಿನ ಹೆಸರು ಡಿಪ್ಲೊಮಾ ಇನ್ ಇಂಡಿಯನ್ ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟೇಶನ್. ಓದಿದವರ ಬಾಯಲ್ಲಿ "ಡಿಸ್ಲಿ". ಎರಡು ವರ್ಷ, ಪಿಯುಸಿ ಆದ ಮೇಲೆ, ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಆಗುತ್ತದೆ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಇದರ ಪಠ್ಯಕ್ರಮ ಮಾಡಿ ಕಾಲೇಜುಗಳಿಗೆ ಮಾನ್ಯತೆ ಕೊಡುತ್ತದೆ. ಪಾಸಾದವರ ಹೆಸರು ಅದರ ಕೇಂದ್ರ ಪುನರ್ವಸತಿ ರಿಜಿಸ್ಟರಿಗೆ ಸೇರಿ ಒಂದು ನಂಬರ್ ಸಿಗುತ್ತದೆ. ಆ ವಕೀಲರು ನನ್ನನ್ನು ಕೇಳಿದ್ದು ಇದನ್ನೇ.

ಹೆಸರು ಹತ್ತಿರವಿದ್ದು ಕೆಲಸ ಬೇರೆಯಾದ ಇನ್ನೊಂದು ಡಿಪ್ಲೊಮಾ ಇದೆ: ಡಿಟಿಐಎಸ್‌ಎಲ್, ಸಂಜ್ಞೆ ಭಾಷೆ ಕಲಿಸುವವರ ಕೋರ್ಸು. ಅದು ಕಿವುಡರಿಗೇ ಮೀಸಲು, ಮತ್ತು ಹಾಗಿರುವುದೇ ಸರಿ. ಕನ್ನಡ ಕಲಿಸಲು ಕನ್ನಡ ಬರುವವರೇ ಬೇಕಲ್ಲವೇ? ಕಿವಿ ಕೇಳುವ ನೀವು ಅದಕ್ಕೆ ಅರ್ಜಿ ಹಾಕಿ ಕಾಯುತ್ತ ಕೂರಬೇಡಿ. ನಿಮ್ಮ ಮನೆಯಲ್ಲಿ ಕಿವುಡ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಹೇಳಿ.

ಇನ್ನು ಎ ಲೆವೆಲ್, ಬಿ ಲೆವೆಲ್, ಬೇಸಿಕ್ ಕೋರ್ಸ್, ಆನ್‌ಲೈನ್ ಸರ್ಟಿಫಿಕೇಟ್ ಎಂದು ಬರುವವು. ಇವು ಕೆಟ್ಟವಲ್ಲ. ದೆಹಲಿ ಕೇಂದ್ರವೂ ಕಡಿಮೆ ಅವಧಿಯ ಕೋರ್ಸು ನಡೆಸುತ್ತದೆ. ಬ್ಯಾಂಕಿನವರು, ಪೊಲೀಸರು, ಕಿವುಡ ಮಗುವಿನ ತಾಯಿ ನಾಲ್ಕು ಮಾತು ಆಡುವಂತಾಗಲು ಇವು ಬೇಕು. ಆದರೆ ಇವು ಭಾಷೆ ಕಲಿಸುವ ಕೋರ್ಸುಗಳು. ಹಿಂದಿಯನ್ನು ಮೂರು ತಿಂಗಳು ಕಲಿತವರನ್ನು ಯಾರೂ ಹೈಕೋರ್ಟಿಗೆ ದುಭಾಷಿಯಾಗಿ ಕಳಿಸುವುದಿಲ್ಲ. ನಾನು ಮಾಡಿದ್ದು ಅದನ್ನೇ.

ಮಾನ್ಯತೆ ನೋಡುವ ರೀತಿ ಹೀಗೆ. ಆರ್‌ಸಿಐ ವೆಬ್‌ಸೈಟಿನಲ್ಲಿ ರಾಜ್ಯವಾರು, ಕೋರ್ಸುವಾರು ಪಟ್ಟಿ ಇದೆ. ಅದರಲ್ಲಿ ಕಾಲೇಜಿನ ಹೆಸರು ಕಂಡ ತಕ್ಷಣ ಸಮಾಧಾನ ಮಾಡಿಕೊಳ್ಳಬೇಡಿ. ಹೆಸರಿನ ಎದುರು ಯಾವ ಕೋರ್ಸಿಗೆ ಮಾನ್ಯತೆ ಎಂದು ನೋಡಿ. ಸ್ಪೆಷಲ್ ಡಿ.ಎಡ್.ಗೆ ಮಾನ್ಯತೆ ಇರುವ ಸಂಸ್ಥೆ "ನಮ್ಮದು ಆರ್‌ಸಿಐ ಅಪ್ರೂವ್ಡ್" ಎಂದರೆ ಸುಳ್ಳಲ್ಲ, ಆದರೆ ನಿಮಗೆ ಅದರಿಂದ ಉಪಯೋಗವೂ ಇಲ್ಲ. ಆಮೇಲೆ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂದು ನೋಡಿ. ಮಾನ್ಯತೆ ಕಾಯಂ ಅಲ್ಲ, ನವೀಕರಿಸುತ್ತಿರಬೇಕು. ನೀವು ಸೇರುವ ವರ್ಷ ಅದರೊಳಗೆ ಬರಬೇಕು. ಎಷ್ಟು ಸೀಟು ಎಂಬುದೂ ಅಲ್ಲೇ ಇರುತ್ತದೆ. ಪಟ್ಟಿಯ ಆ ಪುಟವನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. "ಅನುಮತಿ ಬರುವುದರಲ್ಲಿದೆ, ಈಗ ಸೇರಿಕೊಳ್ಳಿ" ಎನ್ನುವವರಿಗೆ "ಬಂದ ಮೇಲೆ ಫೋನ್ ಮಾಡಿ" ಎಂದು ಹೇಳಿ ಬನ್ನಿ.

ಹೆಜ್ಜೆ 3: ಯಾವ ಊರು?

ನಿಮ್ಮ ಹುಡುಕಾಟ ಕರ್ನಾಟಕದ ಗಡಿಯೊಳಗೆ ನಿಲ್ಲಬೇಕಿಲ್ಲ. ಮೊದಲು ನೋಡಬೇಕಾದ ಹೆಸರು ಆಗಲೇ ಹೇಳಿದ ದೆಹಲಿ ಕೇಂದ್ರ. 2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದಡಿ ಶುರುವಾಯಿತು, ಸಂಜ್ಞೆ ಭಾಷೆಗೆಂದೇ ಹುಟ್ಟಿದ್ದು. ಮುಂಬೈ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಅದಕ್ಕಿಂತ ಹಳೆಯದು, ಸಂಜ್ಞೆ ಭಾಷೆಯ ತರಬೇತಿಯಲ್ಲಿ ಅದಕ್ಕೆ ಎರಡು ದಶಕಕ್ಕೂ ಮೀರಿದ ಅನುಭವವಿದೆ. ದಕ್ಷಿಣದಲ್ಲಿ ತಿರುವನಂತಪುರದ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ, ಅಂದರೆ ನಿಶ್, ಮತ್ತು ಕೊಯಮತ್ತೂರಿನಲ್ಲಿರುವ ರಾಮಕೃಷ್ಣ ಮಿಷನ್ ವಿವೇಕಾನಂದ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಆವರಣ. ಇವುಗಳಲ್ಲಿ ಯಾವುದಕ್ಕೆ ಈ ಸಾಲಿನಲ್ಲಿ ಪ್ರವೇಶ ಇದೆ, ಹತ್ತಿರದಲ್ಲಿ ಹೊಸದಾಗಿ ಯಾವುದು ಬಂದಿದೆ ಎಂಬುದನ್ನು ಅದೇ ಪಟ್ಟಿಯಲ್ಲಿ ನೋಡಿಕೊಳ್ಳಿ.

"ದೆಹಲಿಯ ಸನ್ನೆ ಬೆಂಗಳೂರಿನಲ್ಲಿ ನಡೆಯುತ್ತಾ?" ಎಂದು ಕೇಳುತ್ತಾರೆ. ನಡೆಯುತ್ತದೆ, ಆದರೆ ಅಲ್ಲಲ್ಲಿ ಎಡವುತ್ತದೆ. ಮದನ್ ವಸಿಷ್ಠ, ಸ್ವತಃ ಕಿವುಡರು, ಅಮೆರಿಕದ ಇಬ್ಬರು ಸಂಶೋಧಕರ ಜೊತೆ 1970ರ ದಶಕದ ಕೊನೆಯಲ್ಲಿ ದೆಹಲಿ, ಬೊಂಬಾಯಿ, ಕಲ್ಕತ್ತಾ, ಬೆಂಗಳೂರು ನಾಲ್ಕೂ ಕಡೆ ಸನ್ನೆಗಳನ್ನು ಕಲೆಹಾಕಿ ನೋಡಿದ್ದರು. ಸುಮಾರು ಮುಕ್ಕಾಲು ಪಾಲು ಸನ್ನೆಗಳು ಒಂದಕ್ಕೊಂದು ಸಂಬಂಧಪಟ್ಟವೇ ಆಗಿದ್ದವು. ವ್ಯಾಕರಣ ಒಂದೇ, ಪದಗಳಲ್ಲಿ ವ್ಯತ್ಯಾಸ. ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವ ಹಾಗೆ. ಹಾಗಾಗಿ ಊರು ದೂರ ಎಂದು ಒಳ್ಳೆಯ ಕಾಲೇಜು ಬಿಡಬೇಡಿ. ರಜೆಗೆ ಬಂದಾಗಲೆಲ್ಲ ಊರ ಕಿವುಡರ ನಡುವೆ ಇದ್ದು ಇಲ್ಲಿನ ಸನ್ನೆ ಕೂಡಿಸಿಕೊಳ್ಳಿ.

ನಿಜವಾದ ತೊಡಕು ಇರುವುದು ಬಾಯಿಯ ಭಾಷೆಯಲ್ಲಿ. ಇದನ್ನು ಯಾವ ಬ್ರೋಷರೂ ಹೇಳುವುದಿಲ್ಲ. ದೆಹಲಿಯಲ್ಲಿ ಅಭ್ಯಾಸವೆಲ್ಲ ಹಿಂದಿ, ಇಂಗ್ಲಿಷಿನಲ್ಲಿ. ಮುಂಬೈಯಲ್ಲಿ ಅದರ ಜೊತೆ ಒಂದಿಷ್ಟು ಮರಾಠಿ. ನಿಶ್‌ನಲ್ಲಿ ಮಲಯಾಳ ಕಿವಿಗೆ ಬೀಳುತ್ತಲೇ ಇರುತ್ತದೆ. ನೀವು ಕೊನೆಗೆ ಕೆಲಸ ಮಾಡುವುದು ಹಾಸನದ ಆಸ್ಪತ್ರೆಯಲ್ಲಿ, ಕಲಬುರಗಿಯ ಕೋರ್ಟಿನಲ್ಲಿ. ಅಲ್ಲಿ ಕಿವುಡರ ಕೈಯನ್ನು ಕನ್ನಡದ ದನಿಯಾಗಿಸಬೇಕು. ಸಂಜ್ಞೆ ಭಾಷೆಯಲ್ಲಿ ಎದುರಿನವರನ್ನು ಬೆರಳು ಮಾಡಿ ತೋರಿಸಿದರೆ ಆಯಿತು. ಕನ್ನಡಕ್ಕೆ ತರುವಾಗ ಅದು ನೀನೋ ನೀವೋ? ಅವನೋ, ಅವರೋ? ಸಾಕ್ಷಿ ಕಟಕಟೆಯಲ್ಲಿ ನಿಂತ ಹೆಂಗಸು ಆರೋಪಿಯತ್ತ ಬೆರಳು ತೋರಿ ಒಂದು ಸನ್ನೆ ಮಾಡುತ್ತಾಳೆ. "ಅವನು ಹೊಡೆದ" ಎಂದರೆ ಒಂದು ಬಣ್ಣ, "ಅವರು ಹೊಡೆದರು" ಎಂದರೆ ಇನ್ನೊಂದು. ಆತ ಅವಳ ಮಾವನಾಗಿದ್ದರೆ? ಕಿವಿ ಕೇಳುವ ಸೊಸೆ ಕೋಪದಲ್ಲೂ "ಅವರು" ಎನ್ನುತ್ತಿದ್ದಳೇನೋ. ಆ ಬಹುವಚನ ಅವಳದೋ ನನ್ನದೋ? ಮುಖದ ಗಂಟು, ಸನ್ನೆಯ ಬಿರುಸು ನೋಡಿ ಅರೆಕ್ಷಣದಲ್ಲಿ ತೀರ್ಮಾನ ಮಾಡಬೇಕು, ಅನುಮಾನ ಬಂದರೆ ನ್ಯಾಯಾಧೀಶರಿಗೆ ಬಿಡಿಸಿ ಹೇಳಬೇಕು. ಇಂಗ್ಲಿಷಿನ "ಹಿ"ಯಲ್ಲಿ ಪಳಗಿದವರಿಗೆ ಈ ಇಕ್ಕಟ್ಟೇ ಬರುವುದಿಲ್ಲ.

ಆದ್ದರಿಂದ ಸೇರುವ ಕಾಲೇಜಿನಲ್ಲಿ ಕನ್ನಡ ಬಲ್ಲ ಸಹಪಾಠಿಗಳೋ ಸೀನಿಯರ್‌ಗಳೋ ಇದ್ದಾರೆಯೇ ಎಂದು ವಿಚಾರಿಸಿ. ಇಲ್ಲದಿದ್ದರೂ ಸೇರಿ, ಆದರೆ ವಾರಕ್ಕೆರಡು ಗಂಟೆ ನೀವೇ ಕನ್ನಡದಲ್ಲಿ ಅಭ್ಯಾಸ ಮಾಡಬೇಕಾಗುತ್ತದೆ ಎಂದು ಮೊದಲೇ ತಿಳಿದಿರಿ. ನಾನು ಆಕಾಶವಾಣಿ ವಾರ್ತೆ ಹಾಕಿಕೊಂಡು ಕನ್ನಡದಿಂದ ಸನ್ನೆಗೆ, ಕಿವುಡ ಗೆಳತಿಯರು ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೋ ಹಾಕಿಕೊಂಡು ಸನ್ನೆಯಿಂದ ಕನ್ನಡಕ್ಕೆ ಅಭ್ಯಾಸ ಮಾಡುತ್ತಿದ್ದೆ. ಹಾಸ್ಟೆಲ್ಲಿನ ಗೋಡೆಗೆ ಮುಖ ಮಾಡಿ ಮಾತಾಡುವವಳು ಎಂದು ನನಗೊಂದು ಹೆಸರೂ ಬಿದ್ದಿತ್ತು.

ಹೆಜ್ಜೆ 4: ಕಾಲೇಜಿಗೆ ಹೋಗಿ, ಒಂದು ದಿನ ಕೂತು ನೋಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಒಂದು ರೈಲು ಟಿಕೆಟ್ಟಿನ ಖರ್ಚು ಎರಡು ವರ್ಷ ಉಳಿಸಬಹುದು. ಮುಂಚೆಯೇ ಮೇಲ್ ಬರೆದು ಅನುಮತಿ ಕೇಳಿ. ಹೋದಾಗ ಪ್ರಿನ್ಸಿಪಾಲರ ಕೊಠಡಿಯಲ್ಲಿ ಕಾಫಿ ಕುಡಿದು ವಾಪಸಾಗಬೇಡಿ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲು ಅವಕಾಶ ಕೇಳಿ.

ಪಾಠ ಹೇಳುತ್ತಿರುವವರು ಕಿವುಡರೇ? ಭಾಷೆಯ ಪಾಠವನ್ನಂತೂ ಕಿವುಡರೇ ಹೇಳಬೇಕು. ಇಂಟರ್‌ಪ್ರಿಟಿಂಗ್ ಕೌಶಲ, ನೀತಿ ನಿಯಮದಂಥ ವಿಷಯಗಳನ್ನು ಅನುಭವವಿರುವ ಕಿವಿ ಕೇಳುವ ಇಂಟರ್‌ಪ್ರಿಟರು ಹೇಳಬಹುದು. ಸಿಬ್ಬಂದಿಯಲ್ಲಿ ಕಿವುಡರು ಒಬ್ಬರೂ ಇಲ್ಲದ ಕಾಲೇಜನ್ನು ನಾನಾದರೆ ಅಲ್ಲೇ ಪಟ್ಟಿಯಿಂದ ಹೊಡೆದುಹಾಕುತ್ತೇನೆ, ಕಟ್ಟಡ ಎಷ್ಟೇ ಚೆನ್ನಾಗಿರಲಿ.

ಕಿವಿ ಕೇಳುವ ಮೇಷ್ಟ್ರು ಬಾಯಲ್ಲೂ ಮಾತಾಡುತ್ತ ಕೈಯಲ್ಲೂ ಸನ್ನೆ ಮಾಡುತ್ತಿದ್ದರೆ ಹುಷಾರು. ಎರಡು ಭಾಷೆಯನ್ನು ಒಟ್ಟಿಗೆ ಆಡಲು ಬರುವುದಿಲ್ಲ. ಬಾಯಿ ಗೆಲ್ಲುತ್ತದೆ, ಕೈ ಅದರ ಬಾಲ ಹಿಡಿಯುತ್ತದೆ. ಅಲ್ಲಿ ಕಾಣುವುದು ಇಂಗ್ಲಿಷೋ ಕನ್ನಡವೋ ಪದಕ್ಕೊಂದು ಸನ್ನೆ ಅಂಟಿಸಿಕೊಂಡು ಬಂದದ್ದು, ಸಂಜ್ಞೆ ಭಾಷೆಯಲ್ಲ. ಪರೀಕ್ಷಿಸಲು ಎರಡು ವಾಕ್ಯ ಕೊಡುತ್ತೇನೆ. "ನಿನ್ನೆ ಬಸ್ ಬರಲಿಲ್ಲ." ಸಂಜ್ಞೆ ಭಾಷೆಯಲ್ಲಿ ಕಾಲ ಮೊದಲು: ನಿನ್ನೆ, ಬಸ್, ಬರು, ಕೊನೆಗೆ ಇಲ್ಲ, ಜೊತೆಗೆ ತಲೆಯೂ ಅಡ್ಡ ಆಡುತ್ತದೆ. ಕನ್ನಡದವರಿಗೆ ಇದು ಮನೆಯ ಅಂಗಳದ ಹಾಗೆ, "ಇಲ್ಲ" ನಮ್ಮಲ್ಲೂ ಕೊನೆಗೇ ಬರುವುದು. ಇನ್ನೊಂದು: "ನೀನು ಎಲ್ಲಿಗೆ ಹೋಗುತ್ತೀಯ?" ಇಲ್ಲಿ ನಾವೂ ಎಡವುತ್ತೇವೆ. ಸನ್ನೆಯಲ್ಲಿ ನೀನು, ಹೋಗು, ಆಮೇಲೆ ಎಲ್ಲಿ. ಪ್ರಶ್ನೆಯ ಪದ ಕೊನೆಗೆ, ಪ್ರಶ್ನೆ ಮುಖದ ಮೇಲೂ ಇರಬೇಕು. ಮೇಷ್ಟ್ರು ಮುಖ ಕಲ್ಲಿನ ಹಾಗೆ ಇಟ್ಟುಕೊಂಡು ಕೈ ಮಾತ್ರ ಆಡಿಸಿದರೆ, ಅವರ ಶಿಷ್ಯರೂ ಹಾಗೆಯೇ ಬರುತ್ತಾರೆ. ಹುಬ್ಬು, ಕಣ್ಣು, ತುಟಿ ಇಲ್ಲದ ಸಂಜ್ಞೆ ಭಾಷೆ ಒತ್ತಕ್ಷರ, ದೀರ್ಘ ಎಲ್ಲ ಬಿಟ್ಟು ಬರೆದ ಕನ್ನಡದ ಹಾಗೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂರಿ. ಅಲ್ಲಿ ಗೊತ್ತಾಗುವಷ್ಟು ತರಗತಿಯಲ್ಲಿ ಗೊತ್ತಾಗುವುದಿಲ್ಲ. ಡಿಸ್ಲಿ ವಿದ್ಯಾರ್ಥಿಗಳು ಅವರವರಲ್ಲೇ ಬಾಯಿ ಮಾತಾಡುತ್ತ ಒಂದು ಮೇಜು, ಕಿವುಡ ವಿದ್ಯಾರ್ಥಿಗಳದು ಇನ್ನೊಂದು ಮೇಜು ಆಗಿದ್ದರೆ ಆ ಕಾಲೇಜಿನ ಅರ್ಧ ಪಾಠ ವ್ಯರ್ಥ. ಡಿಟಿಐಎಸ್‌ಎಲ್ ಕೂಡ ನಡೆಯುವ ಕಾಲೇಜು ಸಿಕ್ಕರೆ ಬಿಡಬೇಡಿ ಎನ್ನುವುದು ಇದಕ್ಕೇ. ಎರಡು ವರ್ಷ ಊಟ, ಜಗಳ, ಕ್ರಿಕೆಟ್ಟು, ಹಾಸ್ಟೆಲ್ಲಿನ ಹರಟೆ ಎಲ್ಲ ಸನ್ನೆಯಲ್ಲೇ ಆಗುತ್ತದೆ. ನನಗೆ ಸನ್ನೆ ಹೆಸರು ಸಿಕ್ಕಿದ್ದು ತರಗತಿಯಲ್ಲಲ್ಲ, ಊಟದ ಸಾಲಿನಲ್ಲಿ. ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಒಬ್ಬ ಹುಡುಗ ತನ್ನ ಕೆನ್ನೆಗೆ ತೋರುಬೆರಳು ಚುಚ್ಚಿ ತಿರುಗಿಸಿದ. ಅಂದಿನಿಂದ ಕಿವುಡರ ನಡುವೆ ನನಗೆ ಅದೇ ಹೆಸರು. ಸನ್ನೆ ಹೆಸರನ್ನು ನಾವೇ ಇಟ್ಟುಕೊಳ್ಳುವ ಹಾಗಿಲ್ಲ, ಅವರು ಕೊಡಬೇಕು.

ಎರಡನೇ ವರ್ಷದವರನ್ನು ಹಿಡಿದು ಕೇಳಿ. "ಅಕ್ಕಾ, ಕಿವುಡರು ಬೇಗ ಬೇಗ ಸನ್ನೆ ಮಾಡೋದನ್ನ ನೋಡಿ ದನಿ ಕೊಡೋಕೆ ಬರುತ್ತಾ?" ಎಂದು ನೇರ ಕೇಳಿ. ಮಾತಿನಿಂದ ಸನ್ನೆಗೆ ತರುವುದನ್ನು ಎಲ್ಲರೂ ಒಂದು ಮಟ್ಟಿಗೆ ಕಲಿಯುತ್ತಾರೆ. ಸನ್ನೆಯಿಂದ ಮಾತಿಗೆ ತರುವುದೇ ಕಷ್ಟ, ಕಾಲೇಜುಗಳು ಜಾರಿಕೊಳ್ಳುವುದೂ ಅಲ್ಲೇ. ಪ್ರಾಕ್ಟಿಕಲ್ ಪರೀಕ್ಷೆಗೆ ಅಂಕ ಕೊಡುವವರಲ್ಲಿ ಕಿವುಡರಿದ್ದಾರೆಯೇ, ವಿದ್ಯಾರ್ಥಿಗಳ ಕೆಲಸವನ್ನು ವಿಡಿಯೋ ಮಾಡಿ ಕೂತು ತಿದ್ದುತ್ತಾರೆಯೇ, ಫೀಲ್ಡಿಗೆ ಕಳಿಸಿದಾಗ ಹಿರಿಯ ಇಂಟರ್‌ಪ್ರಿಟರು ಪಕ್ಕದಲ್ಲಿರುತ್ತಾರೆಯೇ ಎಂದೂ ಕೇಳಿ. ಕೆಲವು ಕಡೆ ಇಂಟರ್ನ್‌ಶಿಪ್ ಎಂದು ಸಂಸ್ಥೆಯ ಕಾರ್ಯಕ್ರಮಗಳಿಗೆ ಪುಕ್ಕಟೆ ಇಂಟರ್‌ಪ್ರಿಟರ್ ಆಗಿ ನಿಲ್ಲಿಸಿಬಿಡುತ್ತಾರೆ. ವೇದಿಕೆಯ ಮೇಲೆ ಎರಡು ಗಂಟೆ ಒಬ್ಬರೇ. ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಇಬ್ಬರು ಅದಲುಬದಲಾಗುವುದು ಈ ವೃತ್ತಿಯ ರೂಢಿ. ಆಮೇಲೆ ಮೆದುಳು ಸೋಲುತ್ತದೆ, ಕೈ ತಪ್ಪು ಮಾಡುತ್ತದೆ, ತಪ್ಪಾದದ್ದು ಮಾಡುವವರಿಗೇ ಗೊತ್ತಾಗುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಗೇ ಪಾಲಿಸದ ಕಾಲೇಜು ನಿಮ್ಮ ಮಣಿಕಟ್ಟನ್ನೂ ಕಾಯುವುದಿಲ್ಲ.

ಹೆಜ್ಜೆ 5: ದುಡ್ಡು ಮತ್ತು ಕೆಲಸ

ಸರ್ಕಾರಿ ಸಂಸ್ಥೆಗಳಲ್ಲಿ ಫೀಸಿಗಿಂತ ಹಾಸ್ಟೆಲ್ಲು, ಊಟ, ಓಡಾಟದ ಖರ್ಚೇ ಹೆಚ್ಚು. ಮನೆಯಲ್ಲಿ ಲೆಕ್ಕ ಹಾಕುವಾಗ ಕಾಲೇಜಿನ ಫೀಸು ಮಾತ್ರ ಹಿಡಿಯಬೇಡಿ. ಹಾಸ್ಟೆಲ್ ಇಲ್ಲದಿದ್ದರೆ ದೆಹಲಿಯ ಪಿಜಿ ಬಾಡಿಗೆ ಎಷ್ಟೆಂದು ಅಲ್ಲಿ ಓದುತ್ತಿರುವವರನ್ನೇ ಕೇಳಿ. ವಿದ್ಯಾರ್ಥಿವೇತನ ಬೇಕಿರುವವರು, ಹೊರರಾಜ್ಯದಲ್ಲಿ ಡಿಪ್ಲೊಮಾ ಓದುವವರಿಗೆ ತಮ್ಮ ವರ್ಗದ ಮೆಟ್ರಿಕ್ ನಂತರದ ವೇತನ ಸಿಗುತ್ತದೆಯೇ ಎಂದು ಸೇರುವ ಮುಂಚೆಯೇ ಸಮಾಜ ಕಲ್ಯಾಣ ಇಲಾಖೆಯಲ್ಲೋ ಹಿಂದುಳಿದ ವರ್ಗಗಳ ಇಲಾಖೆಯಲ್ಲೋ ಕೇಳಿ ತಿಳಿಯಿರಿ.

ಕೆಲಸ ಇದೆಯೇ? ಇದೆ. 2011ರ ಜನಗಣತಿ ಲೆಕ್ಕದಲ್ಲೇ ದೇಶದಲ್ಲಿ ಕಿವಿ ಕೇಳದವರು 50 ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಜ್ಞೆ ಭಾಷೆಯನ್ನು ಸಂವಹನದ ಸಾಧನವೆಂದು ಒಪ್ಪಿದೆ. ಮಾತಾಡಲಾಗದ ಸಾಕ್ಷಿಯ ಹೇಳಿಕೆಗೆ ಇಂಟರ್‌ಪ್ರಿಟರ್ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಅದನ್ನು ವಿಡಿಯೋ ಮಾಡಬೇಕು ಎಂದು ಸಾಕ್ಷ್ಯ ಕಾನೂನು ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಕಾಯ್ದೆಯಲ್ಲೂ ಇಂಟರ್‌ಪ್ರಿಟರ ನೆರವಿಗೆ ಅವಕಾಶವಿದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಇಂಟರ್‌ಪ್ರಿಟರ್ ಮೂಲಕ ಭಾಗವಹಿಸಿದರು. 2024ರ ಏಪ್ರಿಲಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ವಾದ ಮಂಡಿಸಿದರು. ಆ ದಿನಗಳಲ್ಲಿ ನನಗೆ ಬಂದಷ್ಟು ವಿಚಾರಣೆಯ ಫೋನು ಹಿಂದೆಂದೂ ಬಂದಿರಲಿಲ್ಲ.

ಆದರೆ ಕಾಯಂ ಸಂಬಳದ ಹುದ್ದೆಗಳು ಕಡಿಮೆ ಎಂಬುದನ್ನು ಮುಚ್ಚಿಡಲಾರೆ. ಹೆಚ್ಚಿನವರದು ಗಂಟೆ ಲೆಕ್ಕದ, ದಿನದ ಲೆಕ್ಕದ ಕೆಲಸ. ಕಂಪನಿಗಳ ತರಬೇತಿ, ಕಾಲೇಜು ತರಗತಿ, ಸಮ್ಮೇಳನ, ವಿಡಿಯೋ ಕಾಲ್ ಮೂಲಕ ನಡೆಯುವ ಇಂಟರ್‌ಪ್ರಿಟಿಂಗ್. ದೊಡ್ಡ ಊರಲ್ಲಿ ಹೆಚ್ಚು, ತಾಲ್ಲೂಕಿನಲ್ಲಿ ಕಡಿಮೆ. ಸರ್ಕಾರಿ ಕಚೇರಿಯ ಬಿಲ್ಲು ಪಾಸಾಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಎನ್ನುವ ಕಾಲೇಜಿನಲ್ಲಿ ಹಿಂದಿನ ಬ್ಯಾಚಿನ ಮೂವರ ಫೋನ್ ನಂಬರ್ ಕೇಳಿ. ನಂಬರ್ ಕೊಟ್ಟರೆ ಒಳ್ಳೆಯ ಲಕ್ಷಣ.

ಡಿಪ್ಲೊಮಾ ಪದವಿಯಲ್ಲ ಎಂಬುದೂ ನೆನಪಿರಲಿ. ಪದವಿ ಕೇಳುವ ಹುದ್ದೆಗಳಿಗೆ ಇದೊಂದೇ ಸಾಲದು. ಡಿಸ್ಲಿ ಮುಗಿಸಿ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಎ ಕಟ್ಟಿಕೊಳ್ಳುವುದು ನಾನು ಹೇಳುವ ದಾರಿ. ಪದವಿ ಆಗಿ ಬರುವವರಿಗೆ ಈ ಚಿಂತೆಯಿಲ್ಲ, ಇಪ್ಪತ್ತೆರಡಕ್ಕೆ ಸೇರಿದರೂ ತಡವೇನಲ್ಲ. ನಮ್ಮ ಬ್ಯಾಚಿನಲ್ಲಿ ಮೂವತ್ತು ದಾಟಿದವರೂ ಇದ್ದರು.

ಅಪ್ಪ ಅಮ್ಮ ಕಿವುಡರಾಗಿದ್ದರೆ

ನಿಮ್ಮದು ಬೇರೆ ಲೆಕ್ಕ. ನಮ್ಮ ವಲಯದಲ್ಲಿ ನಿಮ್ಮನ್ನು "ಕೋಡಾ" ಎನ್ನುತ್ತಾರೆ, ಒಡಹುಟ್ಟಿದವರು ಕಿವುಡರಾದವರು "ಸೋಡಾ". ನಾನು ಎರಡು ವರ್ಷ ಒದ್ದಾಡಿ ಕಲಿತದ್ದು ನಿಮಗೆ ತೊಟ್ಟಿಲಲ್ಲೇ ಬಂದಿರುತ್ತದೆ. ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ವ್ಯವಸ್ಥೆಯೂ ದೆಹಲಿ ಕೇಂದ್ರದ ಮೂಲಕ ಶುರುವಾಗಿದೆ, ಅದರ ಪ್ರಕಟಣೆ ನೋಡುತ್ತಿರಿ. ಆದರೂ ಸಾಧ್ಯವಾದರೆ ಕೋರ್ಸು ಮಾಡಿ ಎಂದೇ ಹೇಳುತ್ತೇನೆ. ಆರನೇ ವಯಸ್ಸಿನಿಂದ ಡಾಕ್ಟರ ಎದುರು, ಬ್ಯಾಂಕಿನ ಎದುರು ಅಮ್ಮನ ಮಾತು ದಾಟಿಸಿದ ಮಗುವಿಗೆ ಎಲ್ಲಿ ಸುಮ್ಮನಿರಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಡಾಕ್ಟರು ಹೇಳಿದ ಕೆಟ್ಟ ಸುದ್ದಿಯನ್ನು ಮೆತ್ತಗೆ ಮಾಡಿ ಹೇಳುವುದು ಮಗಳಾದವಳ ಕರುಳು. ಅದನ್ನು ಇದ್ದಂತೆ ಹೇಳುವುದು ಇಂಟರ್‌ಪ್ರಿಟರ ಕೆಲಸ. ಆ ಗೆರೆ ಎಳೆದುಕೊಳ್ಳಲು ನಮ್ಮ ಕೋಡಾ ಸಹಪಾಠಿಗೆ ಒಂದು ಇಡೀ ವರ್ಷ ಹಿಡಿಯಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ

ಅಲ್ಲಿನ ಭಾಷೆಯೇ ಬೇರೆ. ಅಮೆರಿಕನ್ ಸಂಜ್ಞೆ ಭಾಷೆಯ ಬೇರಿರುವುದು ಫ್ರೆಂಚ್ ಸಂಜ್ಞೆಯಲ್ಲಿ, ಬೆರಳಕ್ಷರ ಒಂದೇ ಕೈಯದು. ಇಲ್ಲಿ ಕಲಿತದ್ದು ಅಲ್ಲಿ ನಡೆಯುವುದಿಲ್ಲ, ಅಲ್ಲಿಯದು ಇಲ್ಲಿ ನಡೆಯುವುದಿಲ್ಲ. ಅಲ್ಲಿ ಇದು ಪದವಿಯ ಓದು. ವಾಷಿಂಗ್ಟನ್‌ನ ಗ್ಯಾಲಡೆಟ್ ವಿಶ್ವವಿದ್ಯಾಲಯ, 1864ರಿಂದ ಕಿವುಡರದೇ ಆಗಿ ಬೆಳೆದದ್ದು, ಮತ್ತು ರಾಚೆಸ್ಟರಿನ ತಾಂತ್ರಿಕ ಸಂಸ್ಥೆ ಎರಡೂ ಹೆಸರಾಂತವು. ಇಂಟರ್‌ಪ್ರಿಟರ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಅಲ್ಲಿನ ಆಯೋಗ ಸಿಸಿಐಇ, ಕಾರ್ಯಕ್ರಮಕ್ಕೆ ಅದರ ಮಾನ್ಯತೆ ಇದೆಯೇ ಎಂದು ನೋಡಿ. ಅಲ್ಲಿನ ಇಂಟರ್‌ಪ್ರಿಟರುಗಳ ಸಂಸ್ಥೆಯಾದ ಆರ್‌ಐಡಿಯ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ಕೂರಲು ಬ್ಯಾಚುಲರ್ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು ಎಂಬುದನ್ನು ಎರಡು ವರ್ಷದ ಕಮ್ಯುನಿಟಿ ಕಾಲೇಜು ಸೇರುವ ಮುಂಚೆ ಯೋಚಿಸಿ. ಕಿವುಡ ಶಿಕ್ಷಕರ ಮಾತು, ಕ್ಯಾಂಟೀನಿನ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಹೆಜ್ಜೆ 6: ಅರ್ಜಿ, ಕಾಗದ ಪತ್ರ, ಸಂದರ್ಶನ

ಅರ್ಜಿ ಆನ್‌ಲೈನ್. ಪಿಯುಸಿ ಅಂಕದ ಮಿತಿ, ಪ್ರವೇಶ ಪರೀಕ್ಷೆಯ ಕ್ರಮ ಆಯಾ ವರ್ಷದ ಪ್ರಕಟಣೆಯಲ್ಲಿರುತ್ತದೆ, ಹೋದ ವರ್ಷ ಸೇರಿದವರ ಮಾತು ನಂಬಿ ಕೂರಬೇಡಿ. ನಮ್ಮ ಮಕ್ಕಳು ಸಿಕ್ಕಿಬೀಳುವುದು ಎರಡು ಕಾಗದಕ್ಕೆ. ಒಂದು, ಮೈಗ್ರೇಶನ್ ಸರ್ಟಿಫಿಕೇಟ್. ಬೇರೆ ರಾಜ್ಯಕ್ಕೆ ಹೋಗುವವರು ಪರೀಕ್ಷಾ ಮಂಡಳಿಯಿಂದ ತರಬೇಕು, ಫಲಿತಾಂಶ ಬಂದ ವಾರವೇ ಅರ್ಜಿ ಕೊಡಿ. ಇನ್ನೊಂದು, ಜಾತಿ ಪ್ರಮಾಣಪತ್ರ. ನಮ್ಮ 2ಎ, 3ಬಿ ಕಾಗದ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಒಬಿಸಿ ಎಂದು ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಮಾಡಿಸಬೇಕು. ನಾಡಕಚೇರಿಯಲ್ಲಿ "ಸೆಂಟ್ರಲ್ ಒಬಿಸಿ" ಎಂದು ಬಿಡಿಸಿ ಹೇಳಿ, ಇಲ್ಲದಿದ್ದರೆ ಹಳೆಯದನ್ನೇ ಮತ್ತೊಮ್ಮೆ ಪ್ರಿಂಟ್ ಹಾಕಿ ಕೊಡುತ್ತಾರೆ. ನನ್ನ ಗೆಳತಿಯೊಬ್ಬಳು ಈ ಒಂದು ಕಾಗದಕ್ಕೆ ರಾಜಧಾನಿಯಿಂದ ರಾಯಚೂರಿಗೆ ವಾಪಸು ಬಂದಿದ್ದಳು.

ಸಂದರ್ಶನದಲ್ಲಿ ಸನ್ನೆ ಪೂರ್ತಿ ಬರಲೇಬೇಕೆಂದೇನಿಲ್ಲ. ಕಿವುಡ ಪರೀಕ್ಷಕರು ಒಂದು ಚಿಕ್ಕ ಕಥೆ ಸನ್ನೆ ಮಾಡಿ "ಏನು ಅರ್ಥವಾಯಿತು?" ಎಂದು ಕೇಳಬಹುದು. ಪೂರ್ತಿ ಅರ್ಥವಾಗದಿದ್ದರೆ ಅರ್ಥವಾದಷ್ಟು ಹೇಳಿ, ಗೊತ್ತಿಲ್ಲದ್ದನ್ನು ಕಟ್ಟಿ ಹೇಳಬೇಡಿ. ಅವರು ನಿಮ್ಮಲ್ಲಿ ನೋಡುವುದು ಅದನ್ನೇ. ಕಣ್ಣು ಅವರ ಮುಖದ ಮೇಲಿರಲಿ, ಕೈಯ ಮೇಲಲ್ಲ. ಪಕ್ಕದಲ್ಲಿ ಇಂಟರ್‌ಪ್ರಿಟರ್ ಕೂತಿದ್ದರೆ ಅವರ ಕಡೆ ತಿರುಗಿ "ಅವರಿಗೆ ಹೇಳಿ ಮೇಡಂ" ಎನ್ನಬೇಡಿ, ಪರೀಕ್ಷಕರನ್ನೇ ನೋಡಿ ಮಾತಾಡಿ.

ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ, ಹೂವಿನ ಚಿತ್ತಾರದ್ದು, ಪಟ್ಟೆಯದು ಬೇಡ. ಉಗುರು ಕತ್ತರಿಸಿ, ನೇಲ್ ಪಾಲಿಷ್ ಒರೆಸಿ, ಹೊಳೆಯುವ ಉಂಗುರ ಬಿಚ್ಚಿಡಿ. ನಾನು ಹೋದ ದಿನ ಅಮ್ಮ "ಶುಭ ಕಾರ್ಯಕ್ಕೆ ಬರಿಗೈಯಲ್ಲಿ ಹೋಗ್ತಾರಾ?" ಎಂದು ಎರಡೂ ಕೈಗೆ ಹಸಿರು ಬಳೆ ತೊಡಿಸಿದ್ದಳು. ಕಾಲೇಜಿನ ಗೇಟಿನ ಹತ್ತಿರ ಅವನ್ನೆಲ್ಲ ಕಳಚಿ ಕರ್ಚೀಫಿನಲ್ಲಿ ಗಂಟು ಕಟ್ಟಿ ಬ್ಯಾಗಿಗೆ ಹಾಕಿದೆ.